ನಿದ್ದೆಯಲ್ಲಿ ಉಸಿರು ನಿಂತು ನಿಂತು ಬಂದರೆ ‘ಮೇಲುಸಿರು’ ಎಂದೇ ಅರ್ಥವೇ?

ಹೃದಯದ ಕಾಯಿಲೆ ಇರುವ ಅಜ್ಜ ಮಲಗಿದ್ದಾರೆ. ಉಸಿರು ಮೆಲ್ಲಗೆ ಶುರುವಾಗಿ, ಜೋರಾಗಿ, ಮತ್ತೆ ತಗ್ಗಿ, ಸ್ವಲ್ಪ ಹೊತ್ತು ನಿಂತೇ ಬಿಡುತ್ತದೆ. ಬಳಿಕ ಮೊದಲಿನಿಂದ ಶುರು. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆ ಇದನ್ನು ಕಂಡವರು ‘ಮ್ಯಾಲುಸಿರು ಹತ್ತೇತಿ’ ಎಂದು ಬಾಯಿಗೆ ನೀರು ಬಿಡಲು ಮುಂದಾಗುವುದುಂಟು. ಇದು ಸರಿಯೇ?

ಏನಿದು?
ಇದರ ಹೆಸರು ಚೇನ್-ಸ್ಟೋಕ್ಸ್ ಉಸಿರಾಟ. ಡಬ್ಲಿನ್‌ನ ವೈದ್ಯರಾದ ಜಾನ್ ಚೇನ್ 1818ರಲ್ಲಿ, ವಿಲಿಯಂ ಸ್ಟೋಕ್ಸ್ 1854ರಲ್ಲಿ ಇದನ್ನು ವಿವರಿಸಿದರು. ಹೃದಯ ವೈಫಲ್ಯ ಇರುವವರಲ್ಲಿ, ಅದರಲ್ಲೂ ನಿದ್ದೆಯಲ್ಲಿ, ಇದು ಸಾಮಾನ್ಯ. ಹೃದಯ ವೈಫಲ್ಯ ಎಂದರೆ ಹೃದಯ ನಿಂತಿದೆ ಎಂದಲ್ಲ, ರಕ್ತ ತಳ್ಳುವ ಶಕ್ತಿ ಸಾಲದಾಗಿದೆ ಎಂದು.

ಏಕೆ ಹೀಗಾಗುತ್ತದೆ?
ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಎಷ್ಟಿದೆ ಎಂದು ನೋಡಿ ಮಿದುಳು ಉಸಿರಿಗೆ ಆಜ್ಞೆ ಕೊಡುತ್ತದೆ. ಹೃದಯ ಸೋತಾಗ ಶ್ವಾಸಕೋಶದಲ್ಲಿ ನೀರಿನಂಶ ಸೇರಿ ಉಸಿರು ಜೋರಾಗುತ್ತದೆ. ಇಂಗಾಲದ ಡೈಆಕ್ಸೈಡ್ ತೀರಾ ಇಳಿದು, ಮಿದುಳು ಉಸಿರನ್ನು ನಿಲ್ಲಿಸುತ್ತದೆ. ಅದು ಮತ್ತೆ ಏರಿದರೂ ರಕ್ತ ನಿಧಾನವಾಗಿ ಹರಿಯುವುದರಿಂದ ಮಿದುಳಿಗೆ ಸುದ್ದಿ ತಡವಾಗಿ ಮುಟ್ಟುತ್ತದೆ. ಹೊಲದ ತುದಿಯ ಸುದ್ದಿ ಮೋಟರ್ ಬಳಿ ಇರುವವನಿಗೆ ತಡವಾಗಿ ತಲುಪಿದಂತೆ: ನೀರು ಹೆಚ್ಚಾದ ಮೇಲೆ ಬಂದ್, ಒಣಗಿದ ಮೇಲೆ ಚಾಲೂ.

ಗೊರಕೆಯ ಕಾಯಿಲೆಯೇ?
ಅಲ್ಲ. ಗೊರಕೆಯ ಕಾಯಿಲೆಯಲ್ಲಿ ಗಂಟಲು ಮುಚ್ಚಿದರೂ ಎದೆ ಉಸಿರಿಗಾಗಿ ಒದ್ದಾಡುತ್ತದೆ. ಇಲ್ಲಿ ಎದೆಯೇ ಅಲುಗುವುದಿಲ್ಲ. ಕೆಲವರಿಗೆ ಎರಡೂ ಇರಬಹುದು.

ಸಾವಿನ ಗುರುತೇ?
ಯಾವಾಗಲೂ ಅಲ್ಲ. ಕೊನೆಗಾಲದಲ್ಲಿ, ಪಾರ್ಶ್ವವಾಯುವಿನಲ್ಲಿ ಹೀಗಾಗುವುದು ನಿಜ. ಆದರೆ ಹೃದಯ ವೈಫಲ್ಯದವರು ಇದರೊಂದಿಗೇ ತಿಂಗಳುಗಟ್ಟಲೆ, ವರ್ಷಗಟ್ಟಲೆ ಬದುಕಿರುವುದುಂಟು. ಹೃದಯದ ಚಿಕಿತ್ಸೆ ಸುಧಾರಿಸಿದರೆ ಉಸಿರೂ ಸುಧಾರಿಸಬಹುದು. ಹಾಗಾಗಿ ಇದು ವೈದ್ಯರಿಗೆ ತೋರಿಸಬೇಕಾದ ಸೂಚನೆ, ಕೈಚೆಲ್ಲಬೇಕಾದ ಸೂಚನೆಯಲ್ಲ.

ಏನು ಮಾಡಬೇಕು?
• ಎಚ್ಚರವಿಲ್ಲದವರ ಬಾಯಿಗೆ ನೀರು, ಹಾಲು ಬಿಡಬೇಡಿ. ಅದು ಶ್ವಾಸಕೋಶಕ್ಕೆ ಇಳಿಯಬಹುದು.
• ಮೊಬೈಲಿನಲ್ಲಿ ಎರಡು ನಿಮಿಷ ವಿಡಿಯೋ ಮಾಡಿ ವೈದ್ಯರಿಗೆ ತೋರಿಸಿ.
• ‘ಆರಾಮಾತು’ ಎಂದು ಗುಳಿಗೆ ಬಿಡಬೇಡಿ. ಉಪ್ಪಿನಕಾಯಿ, ಹಪ್ಪಳ ಕಡಿಮೆ ಮಾಡಿ.
• ಕಾಲು ಬಾತರೆ, ಎರಡು-ಮೂರು ದಿನದಲ್ಲಿ 2 ಕಿಲೋ ತೂಕ ಏರಿದರೆ ಬೇಗ ತೋರಿಸಿ.
• ಕಂಡವರು ಹೇಳಿದರೆಂದು ಉಸಿರಾಟದ ಯಂತ್ರ ಕೊಳ್ಳಬೇಡಿ. ಹೃದಯದ ಶಕ್ತಿ ತಗ್ಗಿದವರಲ್ಲಿ ಎಎಸ್‌ವಿ ಎಂಬ ಯಂತ್ರ ಸಾವಿನ ಅಪಾಯ ಹೆಚ್ಚಿಸಿತೆಂದು 2015ರ ಅಧ್ಯಯನ ತೋರಿಸಿತು.
• ಎಬ್ಬಿಸಿದರೂ ಏಳದಿದ್ದರೆ, ತುಟಿ ನೀಲಿಯಾದರೆ, ಎದೆನೋವು ಬಂದರೆ, ಒಂದು ಬದಿಯ ಕೈಕಾಲು ಸೋತರೆ ತಕ್ಷಣ 108ಕ್ಕೆ ಕರೆ ಮಾಡಿ.

ತೀರ್ಮಾನ
ನಿಂತು ನಿಂತು ಬರುವ ಉಸಿರೆಲ್ಲ ಮೇಲುಸಿರಲ್ಲ. ಫಾರ್ವರ್ಡ್ ಮಾಡುವುದಿದ್ದರೆ ಇದನ್ನು ಮಾಡಿ ಎಂಬುದು ನಮ್ಮ ಕೋರಿಕೆ.