ಅಡುಗೆ ಯಾರು ಮಾಡುತ್ತಿದ್ದರು?

ಡಿಸೆಂಬರ್ 22 ರಾಮಾನುಜನ್ ಹುಟ್ಟಿದ ದಿನ. 2012ರಿಂದ ಅದು ರಾಷ್ಟ್ರೀಯ ಗಣಿತ ದಿನ. ಒಂದು ವರ್ಷ ಆ ದಿನವೇ ನಮ್ಮ ಗಣಿತದ ಮಾಸ್ತರರು ಮಗಳ ಬಾಣಂತನವೆಂದು ರಜೆ ಹಾಕಿದ್ದರಿಂದ ಭಾಷಣ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ನಾನು ಇತಿಹಾಸ ಪಾಠ ಮಾಡುವವಳು. ಗಣಿತಕ್ಕೂ ನನಗೂ ಎಸ್ಸೆಸ್ಸೆಲ್ಸಿಗೇ ಋಣ ತೀರಿತ್ತು. ಲೆಕ್ಕ ಹೇಳಲಾರೆ, ಲೆಕ್ಕ ಮಾಡಿದವರ ಕಥೆಯಾದರೂ ಹೇಳೋಣ ಎಂದುಕೊಂಡು ಸೋಫಿಯಾ ಕೊವಲೆವ್‌ಸ್ಕಯಾ ಎಂಬ ರಷ್ಯದ ಹೆಣ್ಣುಮಗಳ ಕಥೆ ಹೇಳಿದೆ. ಹತ್ತೊಂಬತ್ತು ವರ್ಷಕ್ಕೆ ಪರದೇಶವಾದ ಜರ್ಮನಿಗೆ ಹೋಗಿ, ಅಲ್ಲಿ ಐದು ವರ್ಷವಿದ್ದು, ಕೊನೆಗೆ ಗಣಿತದಲ್ಲಿ ಡಾಕ್ಟರೇಟ್ ಪಡೆದವಳು. ಮಾತು ಮುಗಿಸಿ, "ಯಾರಿಗಾದರೂ ಏನಾದರೂ ಕೇಳೋದಿದೆಯಾ?" ಎಂದೆ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತಳು.

"ಟೀಚರ್, ಆಕಿಗೆ ಅಡಿಗಿ ಯಾರು ಮಾಡಿಹಾಕ್ತಿದ್ರ್ರೀ?"

ಎಲ್ಲರೂ ಗೊಳ್ಳೆಂದು ನಕ್ಕರು. ಹುಡುಗಿ ಮಾತ್ರ ನಗಲಿಲ್ಲ. ಬೆಳಿಗ್ಗೆ ತಮ್ಮಂದಿರಿಗೆ ರೊಟ್ಟಿ ಬಡಿದಿಟ್ಟು ಶಾಲೆಗೆ ಬರುವವಳು ಅವಳು. ಅವಳ ಮಟ್ಟಿಗೆ ಅದು ನಗೆಯ ಮಾತಲ್ಲ. ನನಗೆ ಉತ್ತರ ಗೊತ್ತಿರಲಿಲ್ಲ. "ನೋಡಿ ಹೇಳ್ತೀನಿ, ಕೂತ್ಕೋ" ಎಂದೆ. ಮೂವತ್ತು ವರ್ಷದ ನೌಕರಿಯಲ್ಲಿ ಹಾಗೆ ಹೇಳಿ ಮರೆತದ್ದು ಎಷ್ಟೋ. ಆದರೆ ಆ ಪ್ರಶ್ನೆ ಮಾತ್ರ ಬಿಡಲಿಲ್ಲ. ಯಾಕೆಂಬುದನ್ನು ಆಮೇಲೆ ಹೇಳುತ್ತೇನೆ.

ಸೋಫಿಯಾ ಹುಟ್ಟಿದ್ದು 1850ರಲ್ಲಿ, ಮಾಸ್ಕೋದಲ್ಲಿ. ತಂದೆ ಸೈನ್ಯದ ಫಿರಂಗಿ ದಳದಲ್ಲಿ ಜನರಲ್. ಹಳ್ಳಿಯಲ್ಲಿದ್ದ ಅವರ ದೊಡ್ಡ ಮನೆಗೆ ಹೊಸದಾಗಿ ಗೋಡೆ ಕಾಗದ ಅಂಟಿಸುವಾಗ ಮಕ್ಕಳ ಕೋಣೆಗೆ ಸಾಲದೆ ಹೋಯಿತಂತೆ. ಅಟ್ಟದ ಮೇಲೆ ಬಿದ್ದಿದ್ದ ಹಳೆಯ ಕಾಗದಗಳನ್ನೇ ತಂದು ಅಂಟಿಸಿದರು. ಅವು ತಂದೆ ಯೌವನದಲ್ಲಿ ಕೊಂಡಿದ್ದ ಕಲನಶಾಸ್ತ್ರದ ಪಾಠದ ಹಾಳೆಗಳು. ಅರ್ಥವಾಗದ ಆ ಗುರುತುಗಳನ್ನು ನೋಡುತ್ತ ಗಂಟೆಗಟ್ಟಲೆ ನಿಲ್ಲುತ್ತಿದ್ದೆ ಎಂದು ಅವಳೇ ಬಾಲ್ಯದ ನೆನಪುಗಳಲ್ಲಿ ಬರೆದಿದ್ದಾಳೆ.

ಬುದ್ಧಿಯೇನೋ ಇತ್ತು, ಓದಲು ಜಾಗವಿರಲಿಲ್ಲ. ಆಗಿನ ರಷ್ಯದಲ್ಲಿ ಹೆಂಗಸರಿಗೆ ವಿಶ್ವವಿದ್ಯಾಲಯಗಳ ಬಾಗಿಲು ಮುಚ್ಚಿತ್ತು. ಹೊರದೇಶಕ್ಕೆ ಹೋಗೋಣವೆಂದರೆ ತಂದೆಯ ಒಪ್ಪಿಗೆ ಬೇಕು, ಇಲ್ಲವೇ ಗಂಡನ ಒಪ್ಪಿಗೆ ಬೇಕು. ಅಪ್ಪಂದಿರು ಒಪ್ಪುತ್ತಿರಲಿಲ್ಲವಾದ್ದರಿಂದ ಆ ಕಾಲದ ಹುಡುಗಿಯರು ಒಂದು ಉಪಾಯ ಹುಡುಕಿಕೊಂಡಿದ್ದರು. ಒಳ್ಳೆಯ ಮನಸ್ಸಿನ ಹುಡುಗನೊಬ್ಬನನ್ನು ನೋಡಿ ಹೆಸರಿಗೆ ಮದುವೆಯಾಗುವುದು, ಅವನ ಒಪ್ಪಿಗೆಯ ಮೇಲೆ ದೇಶ ಬಿಡುವುದು, ಆಮೇಲೆ ಅವನ ದಾರಿ ಅವನಿಗೆ, ಇವಳ ದಾರಿ ಇವಳಿಗೆ. ಸೋಫಿಯಾ 1868ರಲ್ಲಿ ವ್ಲಾದಿಮಿರ್ ಕೊವಲೆವ್‌ಸ್ಕಿಯನ್ನು ಹೀಗೆಯೇ ಮದುವೆಯಾದಳು. ಆತ ಡಾರ್ವಿನ್ನನ ಪುಸ್ತಕಗಳನ್ನು ರಷ್ಯನ್ ಭಾಷೆಯಲ್ಲಿ ಪ್ರಕಟಿಸುತ್ತಿದ್ದವನು. ನಮ್ಮ ಕಡೆ ಇಂದಿಗೂ "ಮೊದಲು ಮದುವೆ ಆಗಲಿ, ಓದೋದು ಆಮೇಲೆ ನೋಡೋಣ" ಎಂದು ಹುಡುಗಿಯರ ಓದಿಗೆ ಮದುವೆಯ ಬೀಗ ಹಾಕುವುದುಂಟು. ಅದೇ ಬೀಗವನ್ನು ಕೀಲಿ ಮಾಡಿಕೊಂಡ ಆ ಹುಡುಗಿಯರ ಜಾಣತನಕ್ಕೆ ನಾನಂತೂ ತಲೆದೂಗಿದೆ.

1869ರ ವಸಂತದಲ್ಲಿ ಅವಳು ಹೈಡೆಲ್‌ಬರ್ಗ್ ಎಂಬ ಊರಿಗೆ ಬಂದಳು. ನದಿಯ ದಂಡೆ, ಮೇಲೆ ಗುಡ್ಡ, ಗುಡ್ಡದಲ್ಲಿ ಹಾಳುಬಿದ್ದ ಕೋಟೆ, ಕೆಳಗೆ 1386ರಷ್ಟು ಹಳೆಯ ವಿಶ್ವವಿದ್ಯಾಲಯ. ಅಲ್ಲಿಯೂ ಹೆಂಗಸರಿಗೆ ಪ್ರವೇಶವಿರಲಿಲ್ಲ. ಅಲೆದಾಡಿ, ಅರ್ಜಿ ಹಾಕಿ, ಕೊನೆಗೆ ಆಯಾ ಪ್ರಾಧ್ಯಾಪಕರು ಒಪ್ಪಿದರೆ ಅವರವರ ಪಾಠಕ್ಕೆ ಕೂರಬಹುದು ಎಂಬ ಮಾತಾಯಿತು. ಹೆಸರು ಹಚ್ಚಿಸುವಂತಿಲ್ಲ, ಪರೀಕ್ಷೆಗೆ ಕೂರುವಂತಿಲ್ಲ, ಸುಮ್ಮನೆ ಕೂತು ಕೇಳಬಹುದು. ಕಿರ್ಖಾಫ್, ಹೆಲ್ಮ್‌ಹೋಲ್ಟ್ಸ್ ಮೊದಲಾದ ದೊಡ್ಡ ವಿಜ್ಞಾನಿಗಳ ಪಾಠಗಳು. ಸಣ್ಣ ಊರಾದ್ದರಿಂದ ಸುದ್ದಿ ಹಬ್ಬಿತು. ಬೀದಿಯಲ್ಲಿ ಜನ ನಿಂತು ನೋಡುತ್ತಿದ್ದರು. ತಾಯಂದಿರು ತಮ್ಮ ಮಕ್ಕಳಿಗೆ, "ನೋಡು, ತಪ್ಪದೆ ಶಾಲೆಗೆ ಹೋಗುವ ಹುಡುಗಿ ಇವಳೇ" ಎಂದು ಬೆರಳು ಮಾಡಿ ತೋರಿಸುತ್ತಿದ್ದರಂತೆ. ಅವಳೋ ನಾಚಿಕೆಯಿಂದ ತಲೆ ತಗ್ಗಿಸಿ ಗೋಡೆ ಹಿಡಿದು ನಡೆದುಬಿಡುತ್ತಿದ್ದಳು.

ಈ ವಿವರಗಳನ್ನೆಲ್ಲ ಬರೆದಿಟ್ಟವಳು ಇನ್ನೊಬ್ಬಳು. ನಮ್ಮ ಹುಡುಗಿಯ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಾಗ ನನಗೆ ಸಿಕ್ಕವಳೂ ಅವಳೇ. ಹೆಸರು ಯೂಲಿಯಾ ಲೆರ್ಮಂತೊವಾ. ಸೋಫಿಯಾಗಿಂತ ಮೂರು ವರ್ಷ ದೊಡ್ಡವಳು. ರಸಾಯನಶಾಸ್ತ್ರ ಓದುವ ಹುಚ್ಚು. ಮಾಸ್ಕೋದ ಕೃಷಿ ಅಕಾಡೆಮಿಗೆ ಅರ್ಜಿ ಹಾಕಿ, ಹೆಣ್ಣೆಂಬ ಕಾರಣಕ್ಕೆ ಇಲ್ಲವೆನಿಸಿಕೊಂಡಿದ್ದಳು. ಆಗ ಸೋಫಿಯಾ ಅವಳ ತಂದೆತಾಯಿಯ ಮನವೊಲಿಸಿದಳು. ಮದುವೆಯಾದ ಹೆಂಗಸಿನ ಜೊತೆಗಿರುತ್ತಾಳಲ್ಲ ಎಂದು ಅವರೂ ಕಳಿಸಿದರು. ಆ ಮದುವೆಯ ಒಳಗುಟ್ಟು ಅವರಿಗೇನು ಗೊತ್ತು!

ಯೂಲಿಯಾಗೂ ಪ್ರವೇಶ ಸಲೀಸಾಗಲಿಲ್ಲ. ರಸಾಯನಶಾಸ್ತ್ರದ ಪ್ರಾಧ್ಯಾಪಕ ಬುನ್ಸೆನ್. ನಮ್ಮ ಶಾಲೆಯ ಪ್ರಯೋಗಶಾಲೆಯಲ್ಲಿ ಗ್ಯಾಸ್ ಇಲ್ಲದೆ ಧೂಳು ಹಿಡಿದು ಕೂತಿದೆಯಲ್ಲ, ಆ ಬುನ್ಸೆನ್ ಬರ್ನರಿನ ಬುನ್ಸೆನ್ನೇ. ತನ್ನ ಪ್ರಯೋಗಶಾಲೆಗೆ ಯಾವ ಹೆಂಗಸನ್ನೂ, ಅದರಲ್ಲೂ ರಷ್ಯದ ಹೆಂಗಸನ್ನು ಸೇರಿಸುವುದಿಲ್ಲವೆಂದು ಅವನ ಹಟ. ಸೋಫಿಯಾ ಹೋಗಿ ಅದೇನು ಮಾತಾಡಿದಳೋ, ಒಪ್ಪಿಸಿಕೊಂಡು ಬಂದಳು. ಆಮೇಲೆ ಬುನ್ಸೆನ್ನನು, ಆ ಹೆಂಗಸು ಅಪಾಯದವಳು, ನನ್ನ ಮಾತು ನಾನೇ ಮುರಿಯುವಂತೆ ಮಾಡಿದಳು ಎಂದು ದೂರಿಕೊಂಡನಂತೆ.

ಆ ಮೊದಲ ತಿಂಗಳುಗಳು ಬಹಳ ಸುಖದವು. ಬಿಡುವಿನ ದಿನ ಊರಾಚೆ ದೂರದವರೆಗೆ ನಡೆದು ಹೋಗುವುದು, ಯಾರೂ ಇಲ್ಲದ ಬಯಲಿನಲ್ಲಿ ಇಬ್ಬರೂ ಸಣ್ಣ ಹುಡುಗಿಯರಂತೆ ಪಂದ್ಯ ಕಟ್ಟಿ ಓಡುವುದು. ಉದ್ದ ಲಂಗಗಳನ್ನು ಎತ್ತಿ ಹಿಡಿದು, ಸಂಭಾವಿತ ಮನೆಗಳ ಆ ಇಬ್ಬರು ಹುಡುಗಿಯರು ಓಡುವುದನ್ನು ಕಣ್ಣ ಮುಂದೆ ತಂದುಕೊಂಡು ನಾನು ಒಬ್ಬಳೇ ನಕ್ಕಿದ್ದೇನೆ. ಆಮೇಲೆ ಸೋಫಿಯಾಳ ಅಕ್ಕ ಬಂದಳು, ಇನ್ನೊಬ್ಬ ಬಂಧು ಅನ್ನಾ ಯೆವ್ರೇಯಿನೊವಾ ಅನುಮತಿ ಪತ್ರವಿಲ್ಲದೆ ಗಡಿ ದಾಟಿ ಬಂದಳು. (ಅವಳು 1873ರಲ್ಲಿ ಲೈಪ್‌ತ್ಸಿಗ್‌ನಲ್ಲಿ ಕಾನೂನಿನ ಡಾಕ್ಟರೇಟ್ ಪಡೆದಳು. ಅವಳದೇ ಬೇರೊಂದು ಕಥೆ.) ಇಕ್ಕಟ್ಟಿನ ಮನೆ, ಹೆಸರಿಗೊಬ್ಬ ಗಂಡ, ನಾಲ್ಕು ಜನ ಹೆಂಗಸರು. ಹೆಂಗಸರಿಗೆ ಅವನಿರುವುದು ಸರಿಬೀಳಲಿಲ್ಲ. ವ್ಲಾದಿಮಿರ್ ಪಾಪ, ಬೇರೆ ಕೋಣೆ ಹಿಡಿದ, ಆಮೇಲೆ ಊರನ್ನೇ ಬಿಟ್ಟ.

1870ರ ಅಕ್ಟೋಬರಿನಲ್ಲಿ ಸೋಫಿಯಾ ಬರ್ಲಿನ್ನಿಗೆ ಹೋದಳು. ಯೂರೋಪಿನ ದೊಡ್ಡ ಗಣಿತಜ್ಞ ವೈಯರ್‌ಸ್ಟ್ರಾಸ್ ಅಲ್ಲಿದ್ದರು. ಒಂದು ಮಾತು ಹೇಳಲೇಬೇಕು. ಈ ಮನುಷ್ಯ ನಲವತ್ತರ ಹತ್ತಿರದವರೆಗೂ ಸಣ್ಣ ಊರುಗಳಲ್ಲಿ ಶಾಲಾ ಮಾಸ್ತರ. ಗಣಿತದ ಜೊತೆಗೆ ಸುಂದರ ಬರವಣಿಗೆ, ವ್ಯಾಯಾಮ ಎಲ್ಲ ಕಲಿಸುತ್ತಿದ್ದರು. ಕೊಟ್ಟ ಪೀರಿಯಡ್ಡನ್ನೆಲ್ಲ ತುಂಬಬೇಕಾದ ನಮ್ಮಂಥವರಿಗೆ ಆ ಕಷ್ಟ ಗೊತ್ತು. ಸೋಫಿಯಾ ಮುಖ ಮುಚ್ಚುವಂಥ ದೊಡ್ಡ ಟೊಪ್ಪಿಗೆ ಹಾಕಿಕೊಂಡು ಅವರೆದುರು ನಿಂತಳು. ಸಾಗಹಾಕುವ ಉಪಾಯವೆಂದು ಅವರು ಕಠಿಣವಾದ ಕೆಲವು ಲೆಕ್ಕ ಕೊಟ್ಟು ಕಳಿಸಿದರು. ವಾರದಲ್ಲಿ ಉತ್ತರ ಸಮೇತ ಬಂದಳು. ಅವರು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದೇ ನೋಡಿದರು. ಎಲ್ಲ ಸರಿ, ಮೇಲಾಗಿ ದಾರಿ ಅವಳದೇ. ಬರ್ಲಿನ್ ವಿಶ್ವವಿದ್ಯಾಲಯದವರು ಮಾತ್ರ ಅವಳನ್ನು ಪಾಠಕ್ಕೆ ಕೂರಲೂ ಬಿಡಲಿಲ್ಲ. ವೈಯರ್‌ಸ್ಟ್ರಾಸ್ ತಾವೇ ಮನೆಯಲ್ಲಿ ಪಾಠ ಹೇಳತೊಡಗಿದರು. ಭಾನುವಾರ ಮಧ್ಯಾಹ್ನ ಅವರ ಮನೆಯಲ್ಲಿ, ವಾರದಲ್ಲಿ ಇನ್ನೊಂದು ದಿನ ಇವಳ ಕೋಣೆಯಲ್ಲಿ. ಕಾಸು ಮುಟ್ಟದೆ ನಾಲ್ಕು ವರ್ಷ.

ಇನ್ನು ಆ ಕೋಣೆಯ ವಿಷಯ. ಯೂಲಿಯಾಳೂ ಬರ್ಲಿನ್ನಿನಲ್ಲಿ ಸೋಫಿಯಾಳ ಜೊತೆಗೇ ಇದ್ದಳು. ಅವಳು ಬೆಳಿಗ್ಗೆ ಎದ್ದು ಹಾಫ್‌ಮನ್ ಎಂಬ ಪ್ರಾಧ್ಯಾಪಕರ ಪ್ರಯೋಗಶಾಲೆಗೆ ಹೋದರೆ ಬರುವುದು ಸಂಜೆಗೆ. ಬಂದು ನೋಡಿದರೆ ಸೋಫಿಯಾ ಬೆಳಿಗ್ಗೆ ಕೂತಿದ್ದ ಮೇಜಿನಲ್ಲೇ ಕೂತಿರುತ್ತಿದ್ದಳು. ಊಟವಾದ ಮೇಲೆ ಮತ್ತೆ ಮೇಜು. ರಾತ್ರಿ ಎಚ್ಚರವಾದರೆ, ಅವಳು ತನ್ನಷ್ಟಕ್ಕೆ ಮಾತಾಡಿಕೊಳ್ಳುತ್ತ ಕೋಣೆಯಲ್ಲಿ ಶತಪಥ ತಿರುಗುತ್ತಿರುತ್ತಿದ್ದಳು. ಬಾಡಿಗೆ ಮನೆ ಚೆನ್ನಾಗಿರಲಿಲ್ಲ, ಗಾಳಿಯಿಲ್ಲ, ಊಟ ರುಚಿಯಿಲ್ಲ, ಕೆಲಸದವರು ನೆಟ್ಟಗಿಲ್ಲ. ಜನರ ಪರಿಚಯವೂ ಇಲ್ಲ, ನಾಟಕ ನೋಟ ಒಂದೂ ಇಲ್ಲ. ವೈಯರ್‌ಸ್ಟ್ರಾಸ್ ಮದುವೆಯಾಗದೆ ಇಬ್ಬರು ತಂಗಿಯರೊಡನೆ ಇದ್ದವರು. ಕ್ರಿಸ್‌ಮಸ್ ಹಬ್ಬಕ್ಕೆ ಇವರನ್ನು ಮನೆಗೆ ಕರೆಯುತ್ತಿದ್ದರು. ವರ್ಷಕ್ಕೆ ಅದೊಂದು ಹಬ್ಬ.

ಸೋಫಿಯಾ ಸಂಸಾರದ ಯಾವ ಕೆಲಸಕ್ಕೂ ಒದಗುತ್ತಿರಲಿಲ್ಲ. ತನ್ನ ಬಟ್ಟೆಬರೆ, ಬೂಟು ಕೂಡ ತಾನು ಹೋಗಿ ಕೊಳ್ಳುತ್ತಿರಲಿಲ್ಲ. ಅದನ್ನೆಲ್ಲ ನೋಡಿಕೊಂಡವಳು ಯೂಲಿಯಾ. ಇವಳು ಹೊತ್ತಿಗೆ ಸರಿಯಾಗಿ ಉಣ್ಣುವಂತೆ, ಬೀದಿಗೆ ಬಂದಾಗ ಮರ್ಯಾದೆಯಾಗಿ ಕಾಣುವಂತೆ, ಊರ ದಾರಿ ತಪ್ಪದಂತೆ ನೋಡಿಕೊಂಡವಳು. ದಿನವಿಡೀ ಆಮ್ಲದ ಹೊಗೆಯಲ್ಲಿ ನಿಂತು ಬಂದವಳು ಸಂಜೆ ಮನೆಯ ಲೆಕ್ಕಕ್ಕೆ ಕೂರಬೇಕು. ಶನಿಗ್ರಹದ ಬಳೆಗಳ ಲೆಕ್ಕ ಒಬ್ಬಳದಾದರೆ, ಸಾಮಾನಿನ ಲೆಕ್ಕ ಇನ್ನೊಬ್ಬಳದು.

ಈ ಪುಟ ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಹಿತ್ತಿಲಲ್ಲಿ ಕೂತೆ.

1993ರಲ್ಲಿ ನಾನು ಧಾರವಾಡದಲ್ಲಿ ಬಿ.ಎಡ್. ಮಾಡುವಾಗ ಗೆಳತಿಯೊಬ್ಬಳೊಡನೆ ಕೋಣೆ ಹಿಡಿದಿದ್ದೆ. ಅವಳದು ಎಂ.ಎಸ್‌ಸಿ., ಅದೂ ಗಣಿತ. ಇತಿಹಾಸದಲ್ಲಿ ಎಂ.ಎ. ಮಾಡಬೇಕೆಂಬ ಆಸೆ ನನಗೂ ಇತ್ತು. "ಒಂದು ವರ್ಷದ ಬಿ.ಎಡ್. ಸಾಕು, ನೌಕರಿಗೆ ಅದೇ ಬರೋದು" ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ಕೋಣೆಯಲ್ಲಿ ಬತ್ತಿ ಸ್ಟೋವು, ಎರಡು ಪಾತ್ರೆ. ಅವಳು ಮೇಜು ಬಿಟ್ಟು ಏಳುತ್ತಿರಲಿಲ್ಲ. ಸೀಮೆಎಣ್ಣೆಗೆ ಸಾಲು ನಿಲ್ಲುವವಳು, ಅನ್ನಕ್ಕಿಡುವವಳು, ಪರೀಕ್ಷೆಯ ರಾತ್ರಿ ಚಹಾ ಮಾಡಿ ಕೈಗೆ ಕೊಡುವವಳು ನಾನು. ಮಾಡು ಎಂದು ಅವಳು ಹೇಳಲಿಲ್ಲ, ನನಗೂ ಬೇಸರವಿರಲಿಲ್ಲ. ಮುಂದೆ ಅವಳು ಪಿಎಚ್.ಡಿ. ಮಾಡಿದಳು. ಪ್ರಬಂಧದ ಪ್ರತಿಯೊಂದನ್ನು ಕಳಿಸಿದ್ದಳು. ಕೃತಜ್ಞತೆಯ ಪುಟದಲ್ಲಿ ಗುರುಗಳಿದ್ದರು, ಗಂಡ, ಅತ್ತೆ ಮಾವ ಇದ್ದರು, ಟೈಪು ಮಾಡಿದವರಿದ್ದರು. ಎರಡು ಸಲ ಓದಿ ಟ್ರಂಕಿನಲ್ಲಿಟ್ಟೆ. ಇಷ್ಟು ಸಣ್ಣ ಮಾತು ಇಷ್ಟು ವರ್ಷ ಒಳಗೆ ಕೂತಿತ್ತೆಂದು ನನಗೇ ಗೊತ್ತಿರಲಿಲ್ಲ.

ಹಾಗೆಂದು ಯೂಲಿಯಾ ನನ್ನ ಹಾಗೆ ಅಡುಗೆಗೇ ನಿಂತವಳಲ್ಲ. 1874ರಲ್ಲಿ ಗ್ಯೋಟಿಂಗೆನ್ ವಿಶ್ವವಿದ್ಯಾಲಯ ಸೋಫಿಯಾಗೆ ಡಾಕ್ಟರೇಟ್ ಕೊಟ್ಟಿತು. ಮೂರು ಪ್ರಬಂಧ ಕಳಿಸಿದ್ದಳು. ಜರ್ಮನ್ ಸರಾಗವಾಗಿ ಬರುವುದಿಲ್ಲ, ಅಪರಿಚಿತರೆದುರು ಗಾಬರಿಯಾಗುತ್ತದೆ ಎಂದು ಬೇಡಿಕೊಂಡಿದ್ದರಿಂದ ಮೌಖಿಕ ಪರೀಕ್ಷೆಗೆ ವಿನಾಯಿತಿ ಸಿಕ್ಕಿತ್ತು. ಅದೇ ವರ್ಷ ಅದೇ ಕಡೆ ಯೂಲಿಯಾಳೂ ರಸಾಯನಶಾಸ್ತ್ರದಲ್ಲಿ ಡಾಕ್ಟರಾದಳು. ಅವಳು ಮೌಖಿಕ ಪರೀಕ್ಷೆಗೆ ಕೂತೇ ಗೆದ್ದಳು. ಪರೀಕ್ಷಕರಲ್ಲಿ ಒಬ್ಬರು ವ್ಯೋಲರ್, 1828ರಲ್ಲಿ ಯೂರಿಯಾವನ್ನು ಮೊದಲು ಕೃತಕವಾಗಿ ತಯಾರಿಸಿದವರು. ಜರ್ಮನಿಯ ಪ್ರಶ್ಯ ರಾಜ್ಯದಲ್ಲಿ ಹೆಣ್ಣುಮಕ್ಕಳು ನಿಯಮದ ಪ್ರಕಾರ ವಿಶ್ವವಿದ್ಯಾಲಯ ಸೇರುವಂತಾದದ್ದು 1908ರಲ್ಲಿ. ಇವರಿಬ್ಬರೂ ಅದಕ್ಕಿಂತ ಮೂವತ್ತನಾಲ್ಕು ವರ್ಷ ಮೊದಲೇ ಪದವಿ ಹಿಡಿದು ಊರಿಗೆ ಮರಳಿದ್ದರು.

ಮುಂದಿನದು ಪುಸ್ತಕಗಳಲ್ಲಿ ಸಿಗುತ್ತದೆ. ಹೆಸರಿನ ಮದುವೆ ನಿಜದ ಮದುವೆಯಾಯಿತು, 1878ರಲ್ಲಿ ಮಗಳು ಹುಟ್ಟಿದಳು. ವ್ಯಾಪಾರದಲ್ಲಿ ಕೈಸುಟ್ಟುಕೊಂಡ ವ್ಲಾದಿಮಿರ್ 1883ರಲ್ಲಿ ಜೀವ ಕಳೆದುಕೊಂಡ. ಸೋಫಿಯಾ ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ 1889ರಲ್ಲಿ ಪೂರ್ಣ ಪ್ರಾಧ್ಯಾಪಕಿಯಾದಳು. 1891ರಲ್ಲಿ ನ್ಯುಮೋನಿಯಾದಿಂದ ತೀರಿಕೊಂಡಾಗ ಅವಳಿಗೆ ನಲವತ್ತೊಂದು. ತಾಯಿ ದೂರದೇಶದಲ್ಲಿದ್ದಾಗ ಎಷ್ಟೋ ಕಾಲ ಆ ಮಗುವನ್ನು ನೋಡಿಕೊಂಡವಳು ಯಾರೆಂದು ಬೇರೆ ಹೇಳಬೇಕೆ? ಯೂಲಿಯಾ ಮದುವೆಯಾಗಲಿಲ್ಲ. ಮಾಸ್ಕೋದಲ್ಲಿ ಪೆಟ್ರೋಲಿಯಂ ಎಣ್ಣೆಯ ಮೇಲೆ ಸಂಶೋಧನೆ ಮಾಡಿದಳು, ಆಮೇಲೆ ತನ್ನ ಜಮೀನಿಗೆ ಹೋಗಿ ಕೃಷಿ ಮಾಡಿದಳು, ಚೀಸ್ ತಯಾರಿಸಿದಳು. 1919ರವರೆಗೆ ಬದುಕಿದ್ದಳು. ಗೆಳತಿಯ ಬಗ್ಗೆ ನೆನಪುಗಳನ್ನು ಬರೆದುಕೊಟ್ಟಳು. ಆ ಕೋಣೆ, ಆ ಊಟ, ಆ ರಾತ್ರಿಯ ತಿರುಗಾಟ ನಮಗೆ ಗೊತ್ತಾಗಿರುವುದು ಅದರಿಂದಲೇ. ತನ್ನ ವಿಷಯ ಮಾತ್ರ ಬಹಳ ಕಡಿಮೆ ಬರೆದಿದ್ದಾಳೆ. ಆ ಒಂದು ವಿಷಯಕ್ಕೆ ನನಗೆ ಅವಳ ಮೇಲೆ ಸಿಟ್ಟಿದೆ.

ಧಾರವಾಡದ ಗೆಳತಿಗೆ ಫೋನು ಮಾಡಿದೆ. ಅದೂ ಇದೂ ಮಾತಾಡಿ, "ನಮ್ಮ ರೂಮಿನಾಗ ಏನು ಉಣತಿದ್ದಿವಿ, ನೆನಪೈತೇನು?" ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಉಂಡದ್ದು ನೆನಪಿಲ್ಲವಾ. ಹಸಿದದ್ದೂ ನೆನಪಿಲ್ಲ" ಎಂದಳು. ಆಮೇಲೆ ಅವಳೂ ಮಾತಾಡಲಿಲ್ಲ, ನಾನೂ ಮಾತಾಡಲಿಲ್ಲ. ಫೋನು ಮಾತ್ರ ಇಬ್ಬರೂ ಇಡಲಿಲ್ಲ.

ಮಾರನೆಯ ದಿನ ಒಂಬತ್ತನೆಯ ತರಗತಿಗೆ ಹೋಗಿ ಆ ಹುಡುಗಿಯನ್ನು ಎಬ್ಬಿಸಿ ನಿಲ್ಲಿಸಿ ಉತ್ತರ ಹೇಳಿದೆ. ಗಣಿತ ದಿನಕ್ಕೆಂದು ಮಾಡಿದ ಸೋಫಿಯಾಳ ಚಾರ್ಟು ಇನ್ನೂ ಗೋಡೆಯ ಮೇಲಿತ್ತು. ಅವಳು ಪೂರ್ತಿ ಕೇಳಿಸಿಕೊಂಡು, ಚಾರ್ಟು ನೋಡಿ, "ಯೂಲಿಯಾಂದು ಫೋಟೋ ಸಿಗತೈತೇನ್ರೀ ಟೀಚರ್?" ಎಂದಳು. ಸಿಕ್ಕಿತು. ಈಗ ಎರಡು ಚಾರ್ಟುಗಳಿವೆ. ಎರಡನೆಯದರಲ್ಲಿ ಹೆಸರಿನ ಮುಂದೆ "ಡಾ." ಎಂದು ಅವಳೇ ಕೆಂಪು ಸ್ಕೆಚ್ ಪೆನ್ನಿನಿಂದ ದಪ್ಪಗೆ ಬರೆದಿದ್ದಾಳೆ.