ಎಲುಬಿನ ಮೇಲೆ ಉಳಿದ ಹಾಡು

ರಷ್ಯನ್ ಗಾಯಕ ಪ್ಯೋತರ್ ಲೆಷ್ಚೆಂಕೊನ ಟ್ಯಾಂಗೊ ಹಾಡುಗಳನ್ನು ಈಗಿನ ಕಲಾವಿದರು ಅವನ ಸ್ಮರಣೆಯ ಕಚೇರಿಗಳಲ್ಲಿ ಮತ್ತೆ ಹಾಡುವುದುಂಟು. ಇವೇ ಹಾಡುಗಳ ತಟ್ಟೆಗಳನ್ನು ಗುಟ್ಟಾಗಿ ಕೊರೆದು ಮಾರಿದವರು ಒಂದು ಕಾಲದಲ್ಲಿ ಸೆರೆಮನೆ ಕಂಡಿದ್ದರು.

ಟ್ಯಾಂಗೊ ಎಂಬುದು ದಕ್ಷಿಣ ಅಮೆರಿಕದ ಬಂದರು ಕೇರಿಗಳಲ್ಲಿ ಹುಟ್ಟಿದ ಜೋಡಿ ಕುಣಿತ. ಅದು ರಷ್ಯನ್ನರ ಬಾಯಿಗೆ ಬಂದಾಗ ಕುಣಿತಕ್ಕಿಂತ ವಿರಹವೇ ಮುಂದಾಯಿತು. ನಮ್ಮ ಆಲಂಕಾರಿಕರು ಕೇಳಿದ್ದರೆ ವಿಪ್ರಲಂಭ ಶೃಂಗಾರವೆಂದು ಹೆಸರಿಡುತ್ತಿದ್ದರೇನೋ! ರೀಗಾ ನಗರದ ಆಸ್ಕರ್ ಸ್ಟ್ರೋಕನು ರಚಿಸಿದ 'ಕರಿಯ ಕಣ್ಣುಗಳು' ಎಂಬ ಟ್ಯಾಂಗೊ ಲೆಷ್ಚೆಂಕೊನ ಕಂಠದಲ್ಲಿ ಬಹು ಪ್ರಸಿದ್ಧವಾಯಿತು.

ಲೆಷ್ಚೆಂಕೊ ಹುಟ್ಟಿದ್ದು 1898ರಲ್ಲಿ, ಒಡೆಸ್ಸಾ ಸೀಮೆಯ ಒಂದು ಹಳ್ಳಿಯಲ್ಲಿ, ಬೆಳೆದದ್ದು ಕಿಷಿನೇವಿನಲ್ಲಿ. 1918ರಲ್ಲಿ ಆ ಊರು ರುಮಾನಿಯಾಕ್ಕೆ ಸೇರಿತು. ಮನೆ ಬಿಟ್ಟು ಕದಲದಿದ್ದರೂ ಈತನು ಪರದೇಶದ ಪ್ರಜೆಯಾದನು. ಮೊದಲು ನರ್ತಕನಾಗಿದ್ದವನು ಆಮೇಲೆ ಹಾಡಿಗೆ ಇಳಿದು, ಬುಖಾರೆಸ್ಟಿನಲ್ಲಿ ತನ್ನ ಹೆಸರಿನದೇ ಭೋಜನಶಾಲೆ ತೆರೆದನು. ಅವನ ಹಾಡುಗಳಲ್ಲಿ ರಾಜಕೀಯವೇನೂ ಇರಲಿಲ್ಲ. ಆದರೂ ಅವು ದೇಶ ಬಿಟ್ಟವರ ಹಾಡು, ಹೋಟಲಿನ ಅಳಲು, ಹೊಸ ಸಮಾಜಕ್ಕೆ ಸಲ್ಲದು ಎಂದು ಸೋವಿಯತ್ ಅಧಿಕಾರಿಗಳು ಬಗೆದರು. ಯುದ್ಧ ಬಂದಾಗ ಇನ್ನೊಂದು ಆರೋಪ ಕೂಡಿಕೊಂಡಿತು. 1942ರಲ್ಲಿ, ರುಮಾನಿಯಾದ ಸೇನೆಯ ವಶದಲ್ಲಿದ್ದ ಒಡೆಸ್ಸಾಕ್ಕೆ ಹೋಗಿ ಈತನು ಹಾಡಿದನು. ಇದನ್ನು ಮುಚ್ಚಿಡುವುದು ತರವಲ್ಲ. ನೊಂದ ಊರಿನಲ್ಲಿ ಗೆದ್ದವರ ಕಡೆಯಿಂದ ಬಂದು ಹಾಡಿದ್ದು ಹಲವರಿಗೆ ಕಹಿಯಾಗಿದ್ದರೆ ಆಶ್ಚರ್ಯವಿಲ್ಲ. ಆದರೆ ನಿಷೇಧವು ಅದಕ್ಕೂ ಹಿಂದಿನದು ಎಂಬುದನ್ನು ಮರೆಯಬಾರದು.

ನಿಷೇಧಿಸಿದ ಹಾಡು ಜನರ ಕೈಸೇರಿದ ಬಗೆ ಬಹಳ ವಿಚಿತ್ರವಾದದ್ದು. ಯುದ್ಧಾನಂತರದ ಲೆನಿನ್‌ಗ್ರಾಡಿನಲ್ಲಿ ತಟ್ಟೆ ಮಾಡುವ ಅರಗು ಖಾಸಗಿಯವರಿಗೆ ಎಲ್ಲಿಂದ ಬರಬೇಕು? ಆಸ್ಪತ್ರೆಗಳು ಬಿಸಾಡುತ್ತಿದ್ದ ಎಕ್ಸ್‌ರೇ ಹಾಳೆಗಳು ಕೆಲಸಕ್ಕೆ ಬಂದವು. ಹಾಳೆಯನ್ನು ಕತ್ತರಿಯಿಂದ ದುಂಡಗೆ ಕತ್ತರಿಸಿ, ಸಿಗರೇಟಿನ ಕೆಂಡದಿಂದ ನಡುವೆ ತೂತು ಸುಟ್ಟು, ಯಂತ್ರದ ಮುಳ್ಳಿನಿಂದ ಒಂದೇ ಮಗ್ಗುಲಿಗೆ ಹಾಡಿನ ಗೆರೆ ಕೊರೆಯುತ್ತಿದ್ದರು. ಬೆಳಕಿಗೆ ಹಿಡಿದರೆ ಯಾರದೋ ಪಕ್ಕೆಲುಬು, ಯಾರದೋ ತಲೆಬುರುಡೆ! ಜನ ಇವನ್ನು 'ಎಲುಬು' ಎಂದೇ ಕರೆದರು. ಕೆಲವೇ ಸಲ ಹಾಕುವಷ್ಟರಲ್ಲಿ ಸವೆದುಹೋಗುತ್ತಿದ್ದವು. ಗೊರಗೊರ ಸದ್ದೂ ಜೊತೆಗಿತ್ತು. ಈ ಕಸುಬಿನ ಮುಂದಾಳು ರಸ್ಲಾನ್ ಬೊಗೊಸ್ಲಾವ್‌ಸ್ಕಿಯೂ ಸಂಗಡಿಗರೂ 1950ರಲ್ಲಿ ಸೆರೆಸಿಕ್ಕರು. ಬಿಡುಗಡೆಯಾದ ಮೇಲೆ ಅದೇ ಕೆಲಸಕ್ಕೆ ಮರಳಿದರು. ಲೆಷ್ಚೆಂಕೊನ ಹೆಸರಿಗೆ ಎಷ್ಟು ಬೇಡಿಕೆಯಿತ್ತೆಂದರೆ, ಬೇರೆಯವರು ಹಾಡಿದ್ದನ್ನೂ ಅವನದೆಂದು ಮಾರಿದವರಿದ್ದರು.

ಇತ್ತ ಗಾಯಕನ ಕಥೆ ಮುಗಿಯುತ್ತ ಬಂದಿತ್ತು. 1951ರ ಮಾರ್ಚಿನಲ್ಲಿ, ರುಮಾನಿಯಾದ ಬ್ರಾಷೋವ್ ಊರಿನ ಕಚೇರಿಯೊಂದರ ವಿರಾಮದ ವೇಳೆ ಆತನನ್ನು ಬಂಧಿಸಿದರು. 1954ರ ಜುಲೈನಲ್ಲಿ ಸೆರೆಮನೆಯ ಆಸ್ಪತ್ರೆಯಲ್ಲಿ ತೀರಿಕೊಂಡನು. ಒಡೆಸ್ಸಾದಲ್ಲಿ ಪರಿಚಯವಾಗಿ ಕೈಹಿಡಿದ ಮಡದಿ ವೇರಾ ಬೆಲೊಉಸೋವಾ, ಪರದೇಶಿಯನ್ನು ಮದುವೆಯಾದ 'ದೇಶದ್ರೋಹ'ಕ್ಕಾಗಿ 1952ರಲ್ಲಿ ಸೆರೆಯಾಗಿದ್ದವಳು, ಅದೇ 1954ರಲ್ಲಿ ಬಿಡುಗಡೆಯಾದಳು.

ಸರಕಾರದ್ದೇ ಆದ 'ಮೆಲೋಡಿಯಾ' ಕಂಪನಿ ಅವನ ಹಾಡುಗಳ ಧ್ವನಿಮುದ್ರಿಕೆಯನ್ನು 1988ರಲ್ಲಿ ಹೊರತಂದಿತು. ಅಷ್ಟು ವರ್ಷ ಗೊರಗೊರ ಸದ್ದಿನ ನಡುವೆ ಹುಡುಕಿ ಕೇಳಬೇಕಾಗಿದ್ದ ಕಂಠವು ಅಂಗಡಿಯಲ್ಲಿ ಬಹಿರಂಗವಾಗಿ ಸಿಕ್ಕಿತು. 2009ರವರೆಗೆ ಬದುಕಿದ್ದ ವೇರಾ ಆ ದಿನವನ್ನು ಕಂಡಳು. ಗಂಡನ ಸಮಾಧಿಯ ಗುರುತು ಮಾತ್ರ ಸಿಕ್ಕಿಲ್ಲ.