ಖಾಕಿ ತೊಟ್ಟ ಕಲ್ಯಾಣಿ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಸೀಮೆಯಲ್ಲಿ ‘ಪೊಲೀಸ್’ ಎಂಬ ಮಾತಿಗೆ ಎರಡು ನೆನಪುಗಳು ಅಂಟಿಕೊಂಡಿವೆ. ಒಂದು, ನಿಜಾಮರ ಆಳ್ವಿಕೆಯ ಕೊನೆಗಾಲದ ಭೀತಿ. ಇನ್ನೊಂದು, 1948ರ ಸೆಪ್ಟೆಂಬರಿನ ‘ಪೊಲೀಸ್ ಕಾರ್ಯಾಚರಣೆ’ ತಂದ ಬಿಡುಗಡೆ. ಭಯ, ಅಭಯಗಳೆರಡೂ ಒಂದೇ ಶಬ್ದದಲ್ಲಿ ನೆಲೆಸಿದವು.

ದೂರದರ್ಶನ ಈ ಸೀಮೆಯತ್ತ ಬೇಗನೆ ಮುಖಮಾಡಿತು. ಬೆಂಗಳೂರು ಕೇಂದ್ರ ಆರಂಭವಾದದ್ದು 1981ರಲ್ಲಿ. ಅದಕ್ಕೂ ಮೊದಲೇ, 1975ರ ಆಗಸ್ಟಿನಿಂದ ಒಂದು ವರ್ಷ ನಡೆದ ಉಪಗ್ರಹ ಪ್ರಯೋಗದಲ್ಲಿ, ಈ ನಾಲ್ಕೂ ತಾಲೂಕುಗಳನ್ನು ಒಳಗೊಂಡಿದ್ದ ಅಂದಿನ ರಾಯಚೂರು ಜಿಲ್ಲೆ ಸೇರಿತ್ತು. ಆಗ ಪರದೆ ಹಳ್ಳಿಗರಿಗೆ ಬೇಸಾಯ, ಆರೋಗ್ಯಗಳ ಪಾಠ ಹೇಳಿತು.

ಪೊಲೀಸರ ಕಥೆಯನ್ನು ದೂರದರ್ಶನ ಮನಮುಟ್ಟುವಂತೆ ಹೇಳಿದ್ದು 1989ರಲ್ಲಿ, ‘ಉಡಾನ್’ ಎಂಬ ಹಿಂದಿ ಧಾರಾವಾಹಿಯ ಮೂಲಕ. ಅದನ್ನು ಬರೆದು, ನಿರ್ದೇಶಿಸಿ, ಕಲ್ಯಾಣಿ ಎಂಬ ಅಧಿಕಾರಿಯ ಪಾತ್ರವನ್ನೂ ವಹಿಸಿದವರು ಕವಿತಾ ಚೌಧರಿ. ತಂದೆಯಾಗಿ ವಿಕ್ರಮ್ ಗೋಖಲೆ, ಜಿಲ್ಲಾಧಿಕಾರಿಯಾಗಿ ಶೇಖರ್ ಕಪೂರ್ ಅಭಿನಯಿಸಿದರು. ಕಥೆಗೆ ಆಧಾರ ಕವಿತಾ ಅವರ ಅಕ್ಕ, ಐಪಿಎಸ್ ಅಧಿಕಾರಿ ಕಾಂಚನ್ ಚೌಧರಿ ಭಟ್ಟಾಚಾರ್ಯರ ಬದುಕು. ತಂದೆಗಾದ ಅನ್ಯಾಯವನ್ನು ಕಂಡ ಮಗಳು ಖಾಕಿ ತೊಡುತ್ತಾಳೆ. ಕಥೆಯ ತಿರುಳು ಇಷ್ಟೇ.

ಕವಿತಾ ಅವರ ಅಭಿನಯದಲ್ಲಿ ಅಬ್ಬರವಿರಲಿಲ್ಲ. ಅಧಿಕಾರವೆಂದರೆ ಗದರಿಕೆಯೆಂದು ಬಗೆದಿದ್ದವರಿಗೆ ಆ ಸಂಯಮವೇ ಉತ್ತರವಾಯಿತು. ಕಾಂಚನ್ 2004ರಲ್ಲಿ ಉತ್ತರಾಖಂಡದ ಪೊಲೀಸ್ ಮಹಾನಿರ್ದೇಶಕರಾದರು. ದೇಶದಲ್ಲಿ ಆ ಪದವಿಗೇರಿದ ಮೊದಲ ಮಹಿಳೆ ಅವರು. ಕವಿತಾ 2024ರ ಫೆಬ್ರವರಿಯಲ್ಲಿ ತೀರಿಕೊಂಡರು.

ಭೀತಿ, ಬಿಡುಗಡೆ ಎರಡನ್ನೂ ಉಂಡ ನಮ್ಮ ನಾಡಿಗೆ ಕಲ್ಯಾಣಿ ಮೂರನೆಯ ಅರ್ಥವೊಂದನ್ನು ತೋರಿದಳು: ಠಾಣೆಯ ಮೆಟ್ಟಿಲೇರಿದ ಬಡವನ ದೂರನ್ನು ಕುಳ್ಳಿರಿಸಿ ಕೇಳುವ ಮಗಳು. ಆ ಅರ್ಥ ನಿಜವಾಗಬೇಕಾದದ್ದು ಪರದೆಯ ಮೇಲಲ್ಲ, ಠಾಣೆಯಲ್ಲಿ.